ನ್ಯೂಯಾರ್ಕ್ ಮ್ಯಾರಥಾನ್: ಗದ್ದಲ ಎಲ್ಲಿ, ಮೌನ ಎಲ್ಲಿ?

ಪ್ರಶ್ನೆ: ನನಗೆ 43 ವರ್ಷ. ಮೂರು ಹಾಫ್ ಮ್ಯಾರಥಾನ್ ಓಡಿದ್ದೇನೆ. ಚೆನ್ನಾಗಿ ಓಡಿದ್ದು 2 ಗಂಟೆ 5 ನಿಮಿಷದಲ್ಲಿ. ಈ ನವೆಂಬರ್‌ನ ನ್ಯೂಯಾರ್ಕ್ ಮ್ಯಾರಥಾನ್‌ಗೆ ಲಾಟರಿಯಲ್ಲಿ ಜಾಗ ಸಿಕ್ಕಿದೆ. ಇದೇ ನನ್ನ ಮೊದಲ ಫುಲ್ ಮ್ಯಾರಥಾನ್. ಅಲ್ಲಿ ಓಡಿದವರ ಅನುಭವ ಓದಿ ಓದಿ ತಲೆ ಕೆಟ್ಟುಹೋಗಿದೆ. ಒಬ್ಬರು ‘ನನ್ನ ಬದುಕಿನ ಅತಿ ಒಳ್ಳೆಯ ದಿನ’ ಅನ್ನುತ್ತಾರೆ. ಇನ್ನೊಬ್ಬರು ‘37ನೇ ಕಿಲೋಮೀಟರಿನಲ್ಲಿ ರಸ್ತೆ ಪಕ್ಕ ಕೂತು ಅತ್ತೆ’ ಅನ್ನುತ್ತಾರೆ. ಇಬ್ಬರ ತಯಾರಿಯೂ ಹೆಚ್ಚುಕಡಿಮೆ ನನ್ನಷ್ಟೇ. ಯಾರನ್ನು ನಂಬಲಿ? ನಾಲ್ಕೂವರೆ ಗಂಟೆಯಲ್ಲಿ ಮುಗಿಸುವ ಆಸೆ ಇದೆ. ಆಗುತ್ತಾ?

ಉತ್ತರ: ಇಬ್ಬರನ್ನೂ ನಂಬಿ. ನಾನು ಈ ಓಟವನ್ನು ಎರಡು ಸಲ ಓಡಿದ್ದೇನೆ. ಮೊದಲ ಸಲ ಅತ್ತವರ ಸಾಲಿನಲ್ಲಿದ್ದೆ. ಎರಡನೇ ಸಲ ನಗುತ್ತಾ ಮುಗಿಸಿದೆ. ನಡುವೆ ನನ್ನ ಕಾಲೇನೂ ಬದಲಾಗಿರಲಿಲ್ಲ. ಎರಡನೇ ಸಲ ಹಾದಿ ಗೊತ್ತಿತ್ತು, ಅಷ್ಟೇ.

ನನ್ನ ಹತ್ತಿರ ತರಬೇತಿ ಪಡೆದು ನ್ಯೂಯಾರ್ಕಿಗೆ ಹೋಗಿಬಂದವರನ್ನೆಲ್ಲ ಕೂರಿಸಿಕೊಂಡು ಕೇಳುವ ಅಭ್ಯಾಸ ನನಗಿದೆ. ಅವರ ಮಾತಿನಲ್ಲಿ ಕಾಲಿಗಿಂತ ಕಿವಿಯ ಸುದ್ದಿ ಜಾಸ್ತಿ. ‘ಅಲ್ಲಿ ಜನ ಕಿರುಚುತ್ತಿದ್ದರು’, ‘ಇಲ್ಲಿ ಇದ್ದಕ್ಕಿದ್ದಂತೆ ಮೌನ’, ‘ನನ್ನ ಶೂ ಸದ್ದು ನನಗೇ ಕೇಳಿಸುತ್ತಿತ್ತು’. ಒಳ್ಳೆಯ ದಿನ ಕಂಡವರೂ ಕೆಟ್ಟ ದಿನ ಕಂಡವರೂ ಹೇಳುವ ಜಾಗಗಳು ಮಾತ್ರ ಅವೇ. ಆ ಜಾಗಗಳಲ್ಲಿ ಯಾರು ಏನು ಮಾಡಿದರು ಅನ್ನುವುದರಲ್ಲೇ ವ್ಯತ್ಯಾಸ. ಹಾಗಾಗಿ ನಿಮಗೆ ಈ ಹಾದಿಯ ಸದ್ದಿನ ನಕ್ಷೆಯನ್ನೇ ಕೊಡುತ್ತೇನೆ. ಟ್ರೈನಿಂಗ್ ಪ್ಲಾನ್ ಎಲ್ಲಿ ಬೇಕಾದರೂ ಸಿಗುತ್ತದೆ.

ಮೊದಲು ಬೆಳಗಿನ ಕಥೆ. ಅದು ಓಟದಷ್ಟೇ ಉದ್ದ.

ಓಟ ನಡೆಯುವುದು ನವೆಂಬರ್‌ನ ಮೊದಲ ಭಾನುವಾರ. ಅಮೆರಿಕದಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಹಾಕುವುದೂ ಅದೇ ದಿನ, ನಸುಕಿನ 2 ಗಂಟೆಗೆ. ಒಂದು ಗಂಟೆ ನಿದ್ದೆ ಪುಕ್ಕಟೆ ಸಿಕ್ಕಿತು ಅಂತ ಎಲ್ಲರೂ ಖುಷಿಪಡುತ್ತಾರೆ. ಆ ರಾತ್ರಿ ನಿದ್ದೆ ಯಾರಿಗೆ ಬರುತ್ತದೆ ಹೇಳಿ! ಫೋನ್ ತಾನಾಗಿಯೇ ಬದಲಾಗುತ್ತದೆ, ಹೋಟೆಲ್ ರೂಮಿನ ಗಡಿಯಾರ ಬದಲಾಗದೇ ಇರಬಹುದು. ಒಂದನ್ನೇ ನಂಬಿ.

ಓಟ ಶುರುವಾಗುವುದು ಸ್ಟೇಟನ್ ಐಲೆಂಡಿನ ಫೋರ್ಟ್ ವಾಡ್ಸ್‌ವರ್ತ್‌ನಲ್ಲಿ, ಮುಗಿಯುವುದು ಮ್ಯಾನ್‌ಹಟನ್ನಿನ ಸೆಂಟ್ರಲ್ ಪಾರ್ಕಿನಲ್ಲಿ. ಶುರುವಿನ ಜಾಗಕ್ಕೆ ಹೋಗಲು ಫೆರ್ರಿ ಅಥವಾ ಬಸ್ ಹಿಡಿಯಬೇಕು. ದ್ವೀಪಕ್ಕೆ ಹೋಗುವ ಸೇತುವೆ ಮುಚ್ಚುವ ಮುಂಚೆ ಎಲ್ಲರನ್ನೂ ಅಲ್ಲಿಗೆ ದಾಟಿಸಬೇಕಲ್ಲ, ಅದಕ್ಕೆ ಬೇಗ ಹೊರಡಿಸುತ್ತಾರೆ. 50 ಸಾವಿರಕ್ಕೂ ಹೆಚ್ಚು ಜನರನ್ನು ವೇವ್‌ಗಳಾಗಿ, ಅಂದರೆ ಒಂದರ ಹಿಂದೆ ಒಂದು ಗುಂಪಾಗಿ ಬಿಡುತ್ತಾರೆ. ನಿಮ್ಮ ವೇಗದವರಿಗೆ ಸಾಮಾನ್ಯವಾಗಿ ನಡುವಿನ ಅಥವಾ ಕೊನೆಯ ವೇವ್ ಸಿಗುತ್ತದೆ. ಅಂದರೆ ನೀವು ಎದ್ದು ಐದಾರು ಗಂಟೆ ಆದಮೇಲೆ ಓಟ ಶುರು. ಆ ಹೊತ್ತಿನಲ್ಲಿ ಹೆಚ್ಚಿನ ಭಾಗ ಬಯಲಿನಲ್ಲಿ, ಚಳಿಗಾಳಿಯಲ್ಲಿ, ಹುಲ್ಲಿನ ಮೇಲೆ ಕಳೆಯಬೇಕು.

ನಾನು ಮೊದಲ ಸಲ ಎಡವಿದ್ದು ಇಲ್ಲೇ. ನಸುಕಿನ ನಾಲ್ಕೂವರೆಗೆ ತಿಂಡಿ ಮುಗಿಸಿ ಹೊರಟೆ. ಓಟ ಶುರುವಾಗುವಾಗ ಹತ್ತೂವರೆ ದಾಟಿತ್ತು. ಸೇತುವೆ ಇಳಿಯುವಷ್ಟರಲ್ಲಿ ಹೊಟ್ಟೆ ಚುರುಗುಟ್ಟುತ್ತಿತ್ತು. 42 ಕಿಲೋಮೀಟರ್ ಓಡಬೇಕಾದವನು ಮೂರನೇ ಕಿಲೋಮೀಟರಿನಲ್ಲೇ ಊಟದ ಕನಸು ಕಾಣುತ್ತಿದ್ದೆ. ಸಾಲದ್ದಕ್ಕೆ, ಬೇಸರಕ್ಕೆ ನೀರು ಕುಡಿಯುತ್ತಾ ಕೂತಿದ್ದರಿಂದ ಎರಡು ಸಲ ಟಾಯ್ಲೆಟ್ ಸಾಲಿನಲ್ಲಿ ನಿಲ್ಲಬೇಕಾಯಿತು. ನೀವು ಹಾಗೆ ಮಾಡಬೇಡಿ. ನಿಮ್ಮ ವೇವ್ ಸಮಯದಿಂದ ಹಿಂದಕ್ಕೆ ಲೆಕ್ಕ ಹಾಕಿ. ಎದ್ದಾಗ ಸ್ವಲ್ಪ ತಿನ್ನಿ. ಮುಖ್ಯ ತಿಂಡಿಯನ್ನು ಕಟ್ಟಿಕೊಂಡು ಹೋಗಿ, ಶುರುವಿಗೆ ಎರಡೂವರೆ ಗಂಟೆ ಮುಂಚೆ ತಿನ್ನಿ. ಕೂರುವುದಕ್ಕೆ ಒಂದು ರಟ್ಟಿನ ತುಂಡೋ ದೊಡ್ಡ ಪ್ಲಾಸ್ಟಿಕ್ ಚೀಲವೋ ಇರಲಿ, ಹುಲ್ಲು ಒದ್ದೆಯಿರುತ್ತದೆ. ಬಿಸಾಡಿದರೂ ಬೇಜಾರಾಗದ ಹಳೇ ಸ್ವೆಟರ್, ಹಳೇ ಪ್ಯಾಂಟ್ ಹಾಕಿಕೊಂಡು ಹೋಗಿ. ಶುರುವಿನ ಹತ್ತಿರ ಅವನ್ನು ಹಾಕಲು ಡಬ್ಬಿಗಳಿರುತ್ತವೆ. ಆ ಬಟ್ಟೆ ದಾನಕ್ಕೆ ಹೋಗುತ್ತದೆ. ಕೊನೇ ನಿಮಿಷದವರೆಗೂ ಸ್ವೆಟರ್ ತೆಗೆಯಬೇಡಿ. ಚಳಿಗೆ ನಡುಗುವುದಕ್ಕೂ ಶಕ್ತಿ ಖರ್ಚಾಗುತ್ತದೆ.

ಈಗ ನಕ್ಷೆ. ಫಿರಂಗಿ ಸದ್ದು ಕೇಳಿದ ಕೂಡಲೇ ನೀವು ವೆರಝಾನೊ ಸೇತುವೆ ಹತ್ತುತ್ತೀರಿ. ಇಡೀ ಹಾದಿಯ ಅತಿ ದೊಡ್ಡ ಏರು ಈ ಮೊದಲ ಮೈಲಿಯೇ. ಆದರೆ ಅದು ಏರು ಅಂತ ಯಾರಿಗೂ ಅನ್ನಿಸುವುದಿಲ್ಲ. ತಿಂಗಳುಗಟ್ಟಲೆ ಕಾದ ದಿನ, ಮೇಲೆ ಹೆಲಿಕಾಪ್ಟರ್, ಎಡಕ್ಕೆ ದೂರದಲ್ಲಿ ಮ್ಯಾನ್‌ಹಟನ್. ಮೈಯಲ್ಲಿ ಅಡ್ರಿನಲಿನ್ ತುಂಬಿರುವಾಗ ಏರು ಗೊತ್ತಾಗುತ್ತದೆಯೇ? ಎರಡನೇ ಮೈಲಿ ಪೂರ್ತಿ ಇಳಿಜಾರು. ಗಡಿಯಾರ ನೋಡಿದರೆ ನೀವು ಅಂದುಕೊಂಡದ್ದಕ್ಕಿಂತ ಎಷ್ಟೋ ಜೋರಾಗಿ ಓಡುತ್ತಿರುತ್ತೀರಿ. ‘ಆಹಾ, ಇವತ್ತು ನನ್ನ ದಿನ’ ಅನ್ನಿಸುತ್ತದೆ. ಪಕ್ಕದವರಿಗೂ ಅದೇ ಅನ್ನಿಸುತ್ತಿರುತ್ತದೆ.

ನಾಲ್ಕೂವರೆ ಗಂಟೆಗೆ ಮೈಲಿಗೆ ಸುಮಾರು 10 ನಿಮಿಷ 18 ಸೆಕೆಂಡ್ ಬೇಕು, ಅಂದರೆ ಕಿಲೋಮೀಟರಿಗೆ 6 ನಿಮಿಷ 24 ಸೆಕೆಂಡ್. ನೀವು ಮೊದಲ ಮೈಲಿಯನ್ನು 11 ನಿಮಿಷಕ್ಕಿಂತ ಬೇಗ ಮುಗಿಸಬಾರದು. ಎರಡನೆಯದರಲ್ಲಿ ಇಳಿಜಾರು ಕೊಟ್ಟಷ್ಟು ತೆಗೆದುಕೊಳ್ಳಿ, ನೀವಾಗಿ ಏನನ್ನೂ ಸೇರಿಸಬೇಡಿ. ಆಮೇಲೆ ಮೂರನೇ ಮೈಲಿಯಿಂದ ನ್ಯೂಯಾರ್ಕಿನ ಇನ್ನೊಂದು ಭಾಗ, ಬ್ರೂಕ್ಲಿನ್.

ಅಲ್ಲಿ ಮೊದಲ ಗದ್ದಲ. ಫೋರ್ತ್ ಅವೆನ್ಯೂ ನೇರ ರಸ್ತೆ. ಎರಡೂ ಕಡೆ ಜನ, ಬ್ಯಾಂಡ್, ಕೈ ಚಾಚಿದ ಮಕ್ಕಳು. ಎಂಟನೇ ಮೈಲಿಯವರೆಗೂ ಇದೇ ಸಂಭ್ರಮ. ಅದು ಮುಗಿದು ಲಫಯೆಟ್ ಅವೆನ್ಯೂಗೆ ತಿರುಗಿದರೆ ರಸ್ತೆ ಕಿರಿದಾಗುತ್ತದೆ, ಸದ್ದು ಇನ್ನೂ ಹತ್ತಿರ ಬರುತ್ತದೆ. ನನ್ನ ಪ್ರಕಾರ ಮುಕ್ಕಾಲು ಪಾಲು ಜನರ ಓಟ ಕೆಡುವುದು ಇಲ್ಲೇ. ಆದರೆ ಅದು ಗೊತ್ತಾಗುವುದು ಎರಡು ಗಂಟೆ ಆದಮೇಲೆ. 37ನೇ ಕಿಲೋಮೀಟರಿನಲ್ಲಿ ಕೂತು ಅತ್ತವರು ಆ ಜಾಗವನ್ನು ಬೈಯುತ್ತಾರೆ. ಸಾಲ ಮಾಡಿದ್ದು ಬ್ರೂಕ್ಲಿನ್‌ನಲ್ಲಿ, ವಸೂಲಿಗೆ ಬಂದದ್ದು ಅಲ್ಲಿ.

ಇದರ ಲೆಕ್ಕ ಸರಳ. ಸ್ನಾಯುಗಳಲ್ಲಿ ಮತ್ತು ಲಿವರ್‌ನಲ್ಲಿ ಸೇರಿ ನಮಗೆ ಸುಮಾರು 400ರಿಂದ 500 ಗ್ರಾಂ ಗ್ಲೈಕೋಜನ್, ಅಂದರೆ ದೇಹ ಕೂಡಿಟ್ಟ ಸಕ್ಕರೆ ಇರುತ್ತದೆ. ಜೋರಾಗಿ ಓಡಿದಷ್ಟೂ ದೇಹ ಕೊಬ್ಬನ್ನು ಬಿಟ್ಟು ಇದನ್ನೇ ಜಾಸ್ತಿ ಸುಡುತ್ತದೆ. ಶುರುವಿನಲ್ಲಿ ಕಿಲೋಮೀಟರಿಗೆ 20 ಸೆಕೆಂಡ್ ಬೇಗ ಹೋಗುವುದು ಕಾಲಿಗೆ ಏನೂ ಅನ್ನಿಸದಿದ್ದರೂ ಈ ಡಬ್ಬಿ ಬೇಗ ಖಾಲಿಯಾಗುತ್ತದೆ. 30 ಕಿಲೋಮೀಟರ್ ದಾಟಿದ ಮೇಲೆ ಓಟಗಾರರು ‘ವಾಲ್’ ಅನ್ನುವುದು ಇದನ್ನೇ. ಕಾಲಿಗೆ ಸೀಸ ಕಟ್ಟಿದಂತೆ, ತಲೆಗೆ ಮಂಕು ಕವಿದಂತೆ. ಅದಕ್ಕೇ ಮೊದಲ ಅರ್ಧ ಗಂಟೆಯಿಂದಲೇ ತಿನ್ನಲು ಶುರುಮಾಡಿ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಗುರಿ ಇರಲಿ. ಒಂದು ಜೆಲ್‌ನಲ್ಲಿ (ಓಡುತ್ತಾ ನುಂಗುವ ಸಿಹಿ ಪೇಸ್ಟಿನ ಪೊಟ್ಟಣ) ಸಾಮಾನ್ಯವಾಗಿ 20ರಿಂದ 25 ಗ್ರಾಂ ಇರುತ್ತದೆ. ತಯಾರಿಯ ಉದ್ದ ಓಟಗಳಲ್ಲಿ (ಲಾಂಗ್ ರನ್) ತಿಂದು ಅಭ್ಯಾಸವಿಲ್ಲದ ಯಾವುದನ್ನೂ ಅಲ್ಲಿ ಬಾಯಿಗೆ ಹಾಕಬೇಡಿ. ನೀರು ಬಾಯಾರಿದಷ್ಟು ಸಾಕು. ಸಿಕ್ಕ ಕಡೆಯೆಲ್ಲ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದುಹೋಗುತ್ತದೆ. ಅದು ಬಾಯಾರಿಕೆಗಿಂತ ಅಪಾಯ.

ದೊಡ್ಡ ದೊಡ್ಡ ಓಟಗಾರರೂ ಈ ಸಾಲಕ್ಕೆ ಬೀಳುತ್ತಾರೆ. 2022ರ ಓಟದ ದಿನ ನವೆಂಬರಿಗೆ ವಿಚಿತ್ರ ಸೆಕೆ. ಬ್ರೆಜಿಲಿನ ಡೇನಿಯಲ್ ಡೊ ನಾಸಿಮೆಂಟೊ ಒಬ್ಬರೇ ಮುಂದೆ ನುಗ್ಗಿ ಅರ್ಧ ಹಾದಿಯನ್ನು 1 ಗಂಟೆ 1 ನಿಮಿಷ 22 ಸೆಕೆಂಡಿನಲ್ಲಿ ದಾಟಿದರು. 20ನೇ ಮೈಲಿ ದಾಟಿದ ಮೇಲೆ ರಸ್ತೆಯಲ್ಲೇ ಕುಸಿದರು. ಹಿಂದೆ ತಾಳ್ಮೆಯಿಂದ ಬರುತ್ತಿದ್ದ ಕೆನ್ಯಾದ ಇವಾನ್ಸ್ ಚೆಬೆಟ್ 2 ಗಂಟೆ 8 ನಿಮಿಷ 41 ಸೆಕೆಂಡಿನಲ್ಲಿ ಗೆದ್ದರು. ನಿಮ್ಮ ದಿನವೂ ಸೆಕೆಯಿದ್ದರೆ ನಾಲ್ಕೂವರೆ ಗಂಟೆಯ ಮಾತನ್ನು ಬೆಳಿಗ್ಗೆಯೇ ಮರೆತುಬಿಡಿ. ಇದರಲ್ಲಿ ಚೌಕಾಸಿ ಇಲ್ಲ.

ಹತ್ತನೇ ಮೈಲಿಯ ಆಸುಪಾಸಿನಲ್ಲಿ ಮೊದಲ ಮೌನ. ಬೆಡ್‌ಫರ್ಡ್ ಅವೆನ್ಯೂ ವಿಲಿಯಮ್ಸ್‌ಬರ್ಗ್‌ನ ಸಂಪ್ರದಾಯಸ್ಥ ಹಸೀದಿ ಯಹೂದಿಗಳ ಕೇರಿಯ ಮೂಲಕ ಹೋಗುತ್ತದೆ. ಅವರ ಬಿಡುವಿನ ದಿನ ಶನಿವಾರ. ಭಾನುವಾರ ಅವರಿಗೆ ಕೆಲಸದ ದಿನ. ಜನ ತಮ್ಮ ಪಾಡಿಗೆ ಚೀಲ ಹಿಡಿದು, ಮಕ್ಕಳನ್ನು ಕರೆದುಕೊಂಡು ಓಡಾಡುತ್ತಿರುತ್ತಾರೆ. ಚಪ್ಪಾಳೆ ವಿರಳ. ಕೆಲವು ಓಟಗಾರರಿಗೆ ಇದು ಸಪ್ಪೆ ಅನ್ನಿಸುತ್ತದೆ. ನನಗೆ ಇಡೀ ಬ್ರೂಕ್ಲಿನ್‌ನಲ್ಲಿ ತುಂಬಾ ಇಷ್ಟವಾದದ್ದು ಈ ಮೈಲಿ. ಇಲ್ಲಿ ನಿಮ್ಮ ಉಸಿರು ನಿಮಗೆ ಕೇಳಿಸುತ್ತದೆ. ಪಕ್ಕದವರ ಜೊತೆ ಪೂರ್ತಿ ಒಂದು ವಾಕ್ಯ ಮಾತಾಡಿ ನೋಡಿ. ನಡುವೆ ಉಸಿರು ಕಟ್ಟಿದರೆ ನೀವು ಜೋರಾಗಿ ಬಂದಿದ್ದೀರಿ ಅಂತ ಅರ್ಥ. ಈಗಲೂ ಸರಿಮಾಡಿಕೊಳ್ಳಲು ಸಮಯವಿದೆ.

ಪುಲಾಸ್ಕಿ ಸೇತುವೆಯ ಮೇಲೆ ಅರ್ಧ ಹಾದಿ ಮುಗಿಯುತ್ತದೆ. ನಿಮ್ಮ ಗಡಿಯಾರ 2 ಗಂಟೆ 12 ನಿಮಿಷ ತೋರಿಸಿದರೆ ಸರಿ. 2 ಗಂಟೆ 6 ಅಂತ ತೋರಿಸಿದರೆ ಖುಷಿಪಡಬೇಡಿ, ಹೆದರಿ. ಕ್ವೀನ್ಸ್‌ನಲ್ಲಿ ಎರಡು ಮೈಲಿಗಿಂತ ಸ್ವಲ್ಪ ಜಾಸ್ತಿ ಓಡುತ್ತೀರಿ. ಆಮೇಲೆ ಕ್ವೀನ್ಸ್‌ಬರೋ ಸೇತುವೆ.

ಇದು ಈ ಹಾದಿಯ ದೊಡ್ಡ ಮೌನ. ಕೆಳ ಅಂತಸ್ತಿನಲ್ಲಿ ಓಡಿಸುತ್ತಾರೆ. ಮೇಲೆ ಕಬ್ಬಿಣದ ಸೂರು, ಮಬ್ಬು ಬೆಳಕು, ನೋಡುವವರು ಯಾರೂ ಇಲ್ಲ. ಸಾವಿರಾರು ಶೂಗಳ ಟಪಟಪ ಮಾತ್ರ. ಜೊತೆಗೆ ಉದ್ದಕ್ಕೆ ಎಳೆದ ಏರು. ಜಿಪಿಎಸ್ ಗಡಿಯಾರ ಇಲ್ಲಿ ಹುಚ್ಚಾಗುತ್ತದೆ, ಅದರ ಮಾತು ಕೇಳಬೇಡಿ. ನಡೆಯಲು ಶುರುಮಾಡುವ ಮೊದಲ ಗುಂಪು ನಿಮಗೆ ಕಾಣುವುದು ಇಲ್ಲೇ. ಹೆಜ್ಜೆ ಚಿಕ್ಕದು ಮಾಡಿ, ತಲೆ ತಗ್ಗಿಸಬೇಡಿ, ವೇಗ ಇಳಿದರೆ ಇಳಿಯಲಿ. ಉಸಿರು ಏರದಿದ್ದರೆ ಸಾಕು.

ಸೇತುವೆಯ ಇಳಿಜಾರಿನಲ್ಲಿ ಮೊದಲು ಒಂದು ಗುನುಗು ಕೇಳಿಸುತ್ತದೆ. ಮಳೆ ದೂರದಿಂದ ಬರುವ ಹಾಗೆ. ತಿರುವು ತೆಗೆದುಕೊಂಡು ಫಸ್ಟ್ ಅವೆನ್ಯೂಗೆ ಬಿದ್ದ ಕೂಡಲೇ ಆ ಸದ್ದು ಮೈಮೇಲೆ ಕವುಚಿಕೊಳ್ಳುತ್ತದೆ. ಓಡಿದವರೆಲ್ಲ ಹೇಳುವ ಜಾಗ ಇದು. ರೋಮಾಂಚನ ಅಂದರೆ ಏನು ಅಂತ ಗೊತ್ತಾಗುತ್ತದೆ. ಮತ್ತೆ ಮೋಸವೂ ಇದೇ. 16ನೇ ಮೈಲಿ ಅಷ್ಟೇ ಆಗಿರುತ್ತದೆ, ಇನ್ನೂ 10 ಮೈಲಿ ಇದೆ. ರಸ್ತೆ ಅಗಲ, ನೇರ, ಮೂರು ಮೈಲಿಗೂ ಜಾಸ್ತಿ ಉದ್ದ. ಮೊದಲ ಸಲ ನಾನು ಇಲ್ಲಿ ಹುಚ್ಚು ಹಿಡಿದವನ ಹಾಗೆ ಓಡಿದೆ. ಎರಡನೇ ಸಲ ರಸ್ತೆಯ ನಡುವೆ ಹೋಗಿ ಸುಮ್ನೆ ಹತ್ತು ಉಸಿರು ಎಣಿಸಿದೆ. ಆ ಹತ್ತು ಉಸಿರೇ ನನ್ನ ಎರಡನೇ ಓಟವನ್ನು ಕಾಪಾಡಿದ್ದು.

ಇಳಿಜಾರಿನ ಬಗ್ಗೆ ಒಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ಸೇತುವೆ ಅಂದ ಕೂಡಲೇ ಎಲ್ಲರೂ ಏರು ಅಭ್ಯಾಸ ಮಾಡುತ್ತಾರೆ. ತೊಡೆಯ ಮುಂಭಾಗದ ಸ್ನಾಯುಗಳಿಗೆ ಪೆಟ್ಟು ಬೀಳುವುದು ಇಳಿಯುವಾಗ. ಪ್ರತಿ ಹೆಜ್ಜೆಗೂ ಅವು ಬ್ರೇಕ್ ಹಾಕುತ್ತಾ ಎಳೆಸಿಕೊಳ್ಳುತ್ತವೆ. ಕೊನೆಯ ಎಂಟು ವಾರಗಳಲ್ಲಿ ವಾರಕ್ಕೊಂದು ಸಲ ಹದವಾದ ಇಳಿಜಾರಿನಲ್ಲಿ ಓಡಿ. ಚಿಕ್ಕ ಹೆಜ್ಜೆ, ಹಿಂದಕ್ಕೆ ವಾಲದೆ. ಓಟಕ್ಕೆ ಎರಡು ವಾರ ಇರುವಾಗ ಇದನ್ನು ನಿಲ್ಲಿಸಿಬಿಡಿ.

ವಿಲಿಸ್ ಅವೆನ್ಯೂ ಸೇತುವೆ ದಾಟಿದರೆ ಬ್ರಾಂಕ್ಸ್, 20ನೇ ಮೈಲಿ. ಒಂದು ಮೈಲಿಯಷ್ಟೇ, ಮತ್ತೆ ಮ್ಯಾಡಿಸನ್ ಅವೆನ್ಯೂ ಸೇತುವೆಯಿಂದ ಮ್ಯಾನ್‌ಹಟನ್. ಐದನೆಯದು, ಕೊನೆಯದು. ಇನ್ನು ಸೇತುವೆ ಇಲ್ಲ ಅಂತ ಸಮಾಧಾನ ಆಗುತ್ತದೆ. ಆದರೆ ಫಿಫ್ತ್ ಅವೆನ್ಯೂ ಇದೆ.

ನಿಮಗೆ ಹೆದರಿಕೆ ಹುಟ್ಟಿಸಿದ ಆ 37ನೇ ಕಿಲೋಮೀಟರ್ ಇಲ್ಲಿದೆ, 23ನೇ ಮೈಲಿಯ ಹತ್ತಿರ. ಎಡಕ್ಕೆ ಕಟ್ಟಡ, ಬಲಕ್ಕೆ ಸೆಂಟ್ರಲ್ ಪಾರ್ಕಿನ ಗೋಡೆ. ರಸ್ತೆ ಒಂದು ಮೈಲಿ ಉದ್ದಕ್ಕೂ ಮೆಲ್ಲಗೆ ಏರುತ್ತಲೇ ಇರುತ್ತದೆ. ನಕ್ಷೆಯಲ್ಲಿ ನೋಡಿದರೆ ಏರು ಅಂತ ಹೇಳುವ ಹಾಗೇ ಇಲ್ಲ. ಇಲ್ಲಿ ಜನ ಬೇಕಾದಷ್ಟಿದ್ದಾರೆ, ಕಿರುಚುತ್ತಿದ್ದಾರೆ. ವಿಚಿತ್ರ ಅಂದರೆ ಸಾಲ ಮಾಡಿ ಬಂದವರಿಗೆ ಅದು ಕೇಳಿಸುವುದಿಲ್ಲ. ನನಗೆ ಮೊದಲ ಸಲ ಈ ಮೈಲಿಯ ಒಂದು ಸದ್ದೂ ನೆನಪಿಲ್ಲ. ಎರಡನೇ ಸಲ ಒಬ್ಬ ಅಜ್ಜಿ ಪಾತ್ರೆ ಬಡಿಯುತ್ತಿದ್ದದ್ದು ಇವತ್ತಿಗೂ ನೆನಪಿದೆ. ನಿಮ್ಮವರು ನೋಡಲು ಬರುತ್ತಾರಾದರೆ ಇಲ್ಲಿ ನಿಲ್ಲಿಸಿ. ಮೊದಲು ಫಸ್ಟ್ ಅವೆನ್ಯೂನ 17ನೇ ಮೈಲಿಯಲ್ಲಿ ನಿಮ್ಮನ್ನು ನೋಡಿ, ಮ್ಯಾನ್‌ಹಟನ್ ಅಡ್ಡಕ್ಕೆ ನಡೆದು ಫಿಫ್ತ್ ಅವೆನ್ಯೂಗೆ ಬರಬಹುದು. ರಸ್ತೆಯ ಯಾವ ಪಕ್ಕ, ಯಾವ ಸ್ಟ್ರೀಟಿನ ಮೂಲೆ ಅಂತ ಮೊದಲೇ ಮಾತಾಗಿರಲಿ. ಬ್ರೂಕ್ಲಿನ್‌ನಲ್ಲಿ ನಿಮಗೆ ಯಾರೂ ಬೇಕಿಲ್ಲ, ಅಲ್ಲಿ ಇಡೀ ಊರೇ ನಿಮ್ಮದು.

ಟೀ ಶರ್ಟಿನ ಮೇಲೆ ಹೆಸರು ದೊಡ್ಡದಾಗಿ ಬರೆಸಿಕೊಳ್ಳಿ. ಗುರುತು ಪರಿಚಯವಿಲ್ಲದವರು ನಿಮ್ಮ ಹೆಸರು ಹಿಡಿದು ಕೂಗುತ್ತಾರೆ. ಉದ್ದ ಹೆಸರಾದರೆ ಎರಡಕ್ಷರಕ್ಕೆ ಇಳಿಸಿ. ಓದಲು ಅವರಿಗೆ ಸಿಗುವುದು ಎರಡು ಸೆಕೆಂಡ್.

ನೀವು ಕಿಲೋಮೀಟರಿನಲ್ಲಿ ಯೋಚಿಸುವವರು. ಅಲ್ಲಿ ಮೈಲಿಗೊಂದು ಫಲಕ. ಇದನ್ನು ಅಸಡ್ಡೆ ಮಾಡಬೇಡಿ. ನಾರ್ವೆಯ ಗ್ರೇಟ ವೈಟ್ಜ್ 1978ರಲ್ಲಿ ಮೊದಲ ಮ್ಯಾರಥಾನ್ ಓಡಿದ್ದು ಇಲ್ಲೇ. ಅವರು ಟ್ರ್ಯಾಕ್ ಓಟಗಾರ್ತಿ, ಮೈಲಿಯ ಲೆಕ್ಕ ಗೊತ್ತಿರಲಿಲ್ಲ. ಎಲ್ಲಿ ನಾಲ್ಕು ಮರ ಕಂಡರೂ ಸೆಂಟ್ರಲ್ ಪಾರ್ಕ್ ಬಂತು ಅಂದುಕೊಂಡರಂತೆ. ಮುಗಿಸಿದ ಮೇಲೆ ಸಿಟ್ಟಿನಲ್ಲಿ ಶೂ ಬಿಚ್ಚಿ ಗಂಡನ ಕಡೆ ಎಸೆದರು, ಇನ್ನು ಯಾವತ್ತೂ ಓಡಲ್ಲ ಅಂದರು. ಓಡಿದ್ದು 2 ಗಂಟೆ 32 ನಿಮಿಷ 30 ಸೆಕೆಂಡಿನಲ್ಲಿ, ಆಗಿನ ವಿಶ್ವದಾಖಲೆ! ಆಮೇಲೆ ಇನ್ನೂ ಎಂಟು ಸಲ ಅಲ್ಲೇ ಗೆದ್ದರು. 1992ರಲ್ಲಿ ಮತ್ತೆ ಬಂದದ್ದು ಗೆಲ್ಲುವುದಕ್ಕಲ್ಲ. ಈ ಓಟವನ್ನು ಕಟ್ಟಿದ ಫ್ರೆಡ್ ಲೆಬೋ ಅವರಿಗೆ ಮೆದುಳಿನ ಕ್ಯಾನ್ಸರ್ ಆಗಿತ್ತು. ಅವರ ಪಕ್ಕದಲ್ಲಿ ಹೆಜ್ಜೆ ಹಾಕುತ್ತಾ ಐದೂವರೆ ಗಂಟೆ ದಾಟಿ ಮುಗಿಸಿದರು. ಅತ್ತವರು, ನಕ್ಕವರು ಅಂತ ನೀವು ಎರಡು ಗುಂಪು ಮಾಡಿದ್ದೀರಲ್ಲ, ವೈಟ್ಜ್ ಅವರನ್ನು ಯಾವುದಕ್ಕೆ ಸೇರಿಸುತ್ತೀರಿ?

ಇನ್ನೊಂದು ಸಣ್ಣ ವಿಷಯ. ನಿಮ್ಮ ಗಡಿಯಾರ ಕೊನೆಗೆ 42.6 ಅಥವಾ 43 ಕಿಲೋಮೀಟರ್ ತೋರಿಸಬಹುದು. ಅಳತೆ ತಪ್ಪಿಲ್ಲ. ಹಾದಿಯನ್ನು ಅಳೆಯುವುದು ಅತಿ ಹತ್ತಿರದ ಗೆರೆಯ ಮೇಲೆ. ಜನರನ್ನು ತಪ್ಪಿಸಿ ಅತ್ತ ಇತ್ತ ಹೋದಷ್ಟೂ ನೀವು ಜಾಸ್ತಿ ಓಡುತ್ತೀರಿ. ರಸ್ತೆಯ ಮೇಲೆ ನೀಲಿ ಗೆರೆ ಬಳಿದಿರುತ್ತಾರೆ, ಆದಷ್ಟು ಅದರ ಹತ್ತಿರ ಇರಿ. ನೀರಿನ ಟೇಬಲ್‌ಗಳ ಹತ್ತಿರ ಮಾತ್ರ ಹುಷಾರು, ಪೇಪರ್ ಕಪ್ಪುಗಳ ಮೇಲೆ ಕಾಲು ಜಾರುತ್ತದೆ. ಅಲ್ಲಿ ಹತ್ತು ಹೆಜ್ಜೆ ನಡೆದು ಕುಡಿದರೆ ನಷ್ಟವೇನಿಲ್ಲ.

ನಾಲ್ಕೂವರೆ ಗಂಟೆ ಆಗುತ್ತಾ ಅಂತ ಕೇಳಿದಿರಿ. 2 ಗಂಟೆ 5ರ ಹಾಫ್ ಓಡಿದವರು ಸಮತಟ್ಟಾದ ಹಾದಿಯಲ್ಲಿ, ತಿಂಗಳಿಗೆ ಎರಡು ಮೂರು ಒಳ್ಳೆಯ ಲಾಂಗ್ ರನ್ ಮಾಡಿದ್ದರೆ, 4 ಗಂಟೆ 25ರ ಆಸುಪಾಸಿನಲ್ಲಿ ಮುಗಿಸಬಹುದು. ಈ ಐದು ಸೇತುವೆಗಳಿಗೆ ಇನ್ನೊಂದು ಐದು ಹತ್ತು ನಿಮಿಷ ಸೇರಿಸಿಕೊಳ್ಳಿ. ಹಾಗಾಗಿ ನಾಲ್ಕೂವರೆ ಗಂಟೆ ನಿಮ್ಮ ಒಳ್ಳೆಯ ದಿನದ ಗುರಿ. 4 ಗಂಟೆ 45 ಆದರೂ ನಾನು ನಿಮ್ಮ ಬೆನ್ನು ತಟ್ಟುತ್ತೇನೆ.

90ನೇ ಸ್ಟ್ರೀಟಿನ ಹತ್ತಿರ ಪಾರ್ಕಿನ ಒಳಗೆ ತಿರುಗಿದ ಮೇಲೆ ಸ್ವಲ್ಪ ಇಳಿಜಾರು ಸಿಗುತ್ತದೆ. ಉಳಿಸಿಕೊಂಡು ಬಂದದ್ದನ್ನೆಲ್ಲ ಇಲ್ಲಿ ಸುರಿದುಬಿಡಿ. ಪಾರ್ಕಿನ ದಕ್ಷಿಣದ ಅಂಚಿನಲ್ಲಿ ಹೋಗಿ, ಕೊಲಂಬಸ್ ಸರ್ಕಲ್‌ನಲ್ಲಿ ಮತ್ತೆ ಒಳಗೆ ಬಂದರೆ ಮುಗಿಯುವ ಗೆರೆ. ಅದೂ ಸ್ವಲ್ಪ ಏರಿನಲ್ಲೇ ಇದೆ, ತುಂಟತನಕ್ಕೆ ಇಟ್ಟ ಹಾಗೆ.

ಮುಗಿದ ಕೂಡಲೇ ಕೂರುವ ಹಾಗಿಲ್ಲ. ಮೆಡಲ್ ಹಾಕಿಸಿಕೊಂಡು, ಶೀಟ್ ಹೊದ್ದುಕೊಂಡು ಹೊರಗೆ ಬರಲು ಬಹಳ ದೂರ ನಡೆಸುತ್ತಾರೆ. ಆ ದಿನ ಸಂಜೆ ಐದರೊಳಗೆ ಸೂರ್ಯ ಮುಳುಗುತ್ತಾನೆ, ಬೆವರಿದ ಮೈಗೆ ಚಳಿ ಸಟ್ಟನೆ ಹಿಡಿಯುತ್ತದೆ. ಲಗೇಜು ಇಡುವ ಬದಲು ಪಾಂಚೋ (ತಲೆಯ ಮೇಲಿಂದ ಹಾಕಿಕೊಳ್ಳುವ ಹೊದಿಕೆ) ಆಯ್ಕೆ ಕೊಟ್ಟರೆ ಅದನ್ನೇ ತೆಗೆದುಕೊಳ್ಳಿ, ಬೇಗ ಹೊರಗೆ ಬಿಡುತ್ತಾರೆ. ಮನೆಯವರು ಕಾಯುವ ಜಾಗ ಪಾರ್ಕಿನ ಗೇಟಿನಲ್ಲಿ ಬೇಡ. ಎರಡು ಮೂರು ಬ್ಲಾಕ್ ಪಶ್ಚಿಮಕ್ಕೆ, ಒಳಗೆ ಕೂರಲು ಕುರ್ಚಿ ಇರುವ ಕಡೆ ಇರಲಿ. ಮೆಟ್ಟಿಲು ಇಲ್ಲದ ಕಡೆ ಅಂತ ಒತ್ತಿ ಹೇಳಿ.